ಮಾತ್ರೆಯ ಭಯಕ್ಕೊಂದು ಅಳತೆ

1930ರ ಜೂನ್‌ನಲ್ಲಿ ಮೈಸೂರು ಸರ್ಕಾರ ಒಂದು ಆದೇಶ ಹೊರಡಿಸಿತು. ಸಂಸ್ಥಾನದ ನಾಲ್ಕು ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಬೇಕು ಎಂಬುದು ಅದರ ಸಾರ. ಆಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಸರ್ಕಾರವೊಂದು ತಾನೇ ಮುಂದೆ ನಿಂತು ಇಂಥ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಜನಸಂಖ್ಯೆಯ ಇತಿಹಾಸ ಬರೆದವರು ಗುರುತಿಸುತ್ತಾರೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಗರ್ಭನಿರೋಧಕ ಸಾಧನವನ್ನು ಅಂಚೆಯಲ್ಲಿ ಕಳಿಸುವುದು ಅಪರಾಧವಾಗಿತ್ತು. ಮುಂದೆ 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಬ್ರಹಾಂ ಸ್ಟೋನ್ ಎಂಬ ವೈದ್ಯರು ನಮ್ಮ ರಾಮನಗರದಲ್ಲಿ ಇನ್ನೊಂದು ಪ್ರಯೋಗ ನಡೆಸಿದರು. ಗರ್ಭ ನಿಲ್ಲುವ ದಿನಗಳು ಯಾವುವು, ನಿಲ್ಲದ ದಿನಗಳು ಯಾವುವು ಎಂದು ಹೆಂಗಸರು ಎಣಿಸಿಕೊಳ್ಳಲು ಬಣ್ಣಬಣ್ಣದ ಮಣಿಸರ ಕೊಟ್ಟು ನೋಡಿದರು. ಉದ್ದೇಶ ಚೆನ್ನಾಗಿತ್ತು, ಫಲ ಸಿಗಲಿಲ್ಲ. ನಂಬಿಕೆಗೆ ತಕ್ಕ ಸಾಧನವೇ ಆಗ ಇರಲಿಲ್ಲ. ಈಗ ಸಾಧನಗಳಿವೆ, ಅದೂ ಒಂದಲ್ಲ, ಹತ್ತು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಲೆಕ್ಕದಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ನೂರು ವಿವಾಹಿತೆಯರಲ್ಲಿ ಸುಮಾರು 57 ಮಂದಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಆಪರೇಷನ್ ಮಾಡಿಸಿಕೊಂಡ ಗಂಡಸರ ಸಂಖ್ಯೆ ಸೊನ್ನೆಯ ಹತ್ತಿರ. ದಿನವೂ ನುಂಗುವ ಮಾತ್ರೆ ಬಳಸುವವರು ಬೆರಳೆಣಿಕೆಯಷ್ಟು.

ಮದುವೆಯಾದ ಮೇಲೆ ಎರಡು ಮಕ್ಕಳು, ಎರಡನೆಯ ಹೆರಿಗೆಯ ಬೆನ್ನಿಗೇ ಆಪರೇಷನ್. ಬಹುಪಾಲು ಮನೆಗಳಲ್ಲಿ ಇದು ಮೂವತ್ತರೊಳಗೆ ಮುಗಿದುಹೋಗುವ ಕೆಲಸ. ಮೊದಲ ಮಗುವಿಗೆ ಮುಂಚೆ ಓದು ಮುಗಿಸಬೇಕು, ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷ ಅಂತರವಿರಬೇಕು ಎನ್ನುವವಳಿಗೆ ಈ ದಾರಿಯಲ್ಲಿ ನಿಲ್ದಾಣವೇ ಇಲ್ಲ. ಮಾತ್ರೆಯ ಹೆಸರೆತ್ತಿದರೆ ಬರುವ ಉತ್ತರಗಳು ಸಿದ್ಧವಾಗಿವೆ: ಮೈ ಊದುತ್ತದೆ, ಮುಂದೆ ಮಕ್ಕಳಾಗುವುದಿಲ್ಲ, ಕ್ಯಾನ್ಸರ್ ಬರುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಇವುಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ನಿಜ, ಒಂದೆರಡು ಪೂರ್ತಿ ನಿಜ. ಮಾತ್ರೆ ನಿರಪಾಯ ಎಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ, ಏಕೆಂದರೆ ಅದು ನಿರಪಾಯವಲ್ಲ. ನನ್ನ ವಾದ ಇಷ್ಟೆ: ಕಡಿಮೆ ಪ್ರಮಾಣದ ಸಂಯುಕ್ತ ಮಾತ್ರೆಯ ಅಪಾಯ ಎಷ್ಟೆಂಬುದನ್ನು ಅರುವತ್ತು ವರ್ಷಗಳಿಂದ ಅಳೆದಿದ್ದಾರೆ. ಆ ಅಳತೆಯನ್ನು ಇಟ್ಟು ನೋಡಬೇಕಾದದ್ದು ಏನೂ ಅಪಾಯವಿಲ್ಲದ ಕಲ್ಪಿತ ಬದುಕಿನ ಪಕ್ಕದಲ್ಲಲ್ಲ. ಮಾತ್ರೆ ಬೇಡವೆಂದ ಹೆಣ್ಣಿಗೆ ನಿಜವಾಗಿ ಎದುರಾಗುವ ಬಸಿರು, ಬೇಡದ ಬಸಿರನ್ನು ಕಳೆಯುವ ಪಾಡು, ಅವಸರದ ಆಪರೇಷನ್, ಇವುಗಳ ಪಕ್ಕದಲ್ಲಿ.

ಮೊದಲು ಮಾತ್ರೆಯನ್ನೇ ಕೈಗೆತ್ತಿಕೊಂಡು ನೋಡೋಣ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ಸಿಗುವ ಮಾಲಾ-ಎನ್, ಮೆಡಿಕಲ್ ಸ್ಟೋರಿನಲ್ಲಿ ಕಡಿಮೆ ಬೆಲೆಗೆ ಸಿಗುವ ಮಾಲಾ-ಡಿ, ಎರಡರ ಒಳಗಿರುವುದೂ ಒಂದೇ. ಪಟ್ಟಿಯಲ್ಲಿ 28 ಮಾತ್ರೆ, 21 ಬಿಳಿ, 7 ಕಂದು. ಒಂದೊಂದು ಬಿಳಿ ಮಾತ್ರೆಯಲ್ಲಿ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ 0.15 ಮಿಲಿಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ 0.03 ಮಿಲಿಗ್ರಾಂ. ಎರಡು ಹಾರ್ಮೋನು ಸೇರಿರುವುದರಿಂದ ಸಂಯುಕ್ತ ಮಾತ್ರೆ ಎಂಬ ಹೆಸರು. ಒಂದು ಗ್ರಾಂ ಈಸ್ಟ್ರೋಜನ್ನಿನಿಂದ ಇಂಥ ಮೂವತ್ತಮೂರು ಸಾವಿರ ಮಾತ್ರೆ ಮಾಡಬಹುದು. ಕಂದು ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ, ಇರುವುದು ಕಬ್ಬಿಣಾಂಶ. ದಿನವೂ ನುಂಗುವ ರೂಢಿ ತಪ್ಪದಿರಲಿ ಎಂಬುದು ಅದರ ಒಂದು ಉಪಯೋಗ, ರಕ್ತಹೀನತೆಗೆ ತುಸು ನೆರವಾಗುವುದು ಇನ್ನೊಂದು. ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ವಿಷಯವಲ್ಲ. ಬಿಳಿ ಮಾತ್ರೆಯ ಕೆಲಸ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆಯನ್ನು ತಡೆಯುವುದು. ಸೂಚನೆ ಸಿಗದಿದ್ದರೆ ಅಂಡ ಬಲಿತು ಹೊರಬರುವುದಿಲ್ಲ. ಜೊತೆಗೆ ಗರ್ಭಕೊರಳಿನ ಲೋಳೆ ಮಂದವಾಗಿ ವೀರ್ಯಾಣುವಿಗೆ ದಾರಿ ಕಷ್ಟವಾಗುತ್ತದೆ. ಆಗಿರುವ ಬಸಿರನ್ನು ಇದು ಕಳೆಯುವುದಿಲ್ಲ. ಆಗದಂತೆ ತಡೆಯುವುದಷ್ಟೇ ಇದಕ್ಕೆ ಗೊತ್ತು.

‘ಕಡಿಮೆ ಪ್ರಮಾಣ’ ಎಂಬ ಮಾತು ಬಂದದ್ದು ಮೊದಲ ಮಾತ್ರೆಗಳ ಕಹಿ ಅನುಭವದಿಂದ. 1960ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎನೋವಿಡ್ ಮಾತ್ರೆಯಲ್ಲಿ ಪ್ರೊಜೆಸ್ಟಿನ್ ಸುಮಾರು 10 ಮಿಲಿಗ್ರಾಂ, ಈಸ್ಟ್ರೋಜನ್ 0.15 ಮಿಲಿಗ್ರಾಂ ಇತ್ತು. ಅದಕ್ಕೆ ಮುಂಚೆ ಪೋರ್ಟೊರಿಕೊದ ಬಡ ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ ತಲೆಸುತ್ತು, ವಾಂತಿಯ ದೂರುಗಳನ್ನು ಹಗುರವಾಗಿ ತೆಗೆದುಕೊಂಡದ್ದು ಈ ಔಷಧದ ಚರಿತ್ರೆಯ ಮೇಲಿರುವ ಕಲೆ. ಅರುವತ್ತರ ದಶಕದಲ್ಲಿ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸತ್ತವರ ಸುದ್ದಿ ಬರತೊಡಗಿತು. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಲೆಕ್ಕ ಹಾಕಿ, ಈಸ್ಟ್ರೋಜನ್ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದು ಕಂಡುಕೊಂಡು, 0.05 ಮಿಲಿಗ್ರಾಂ ಮೀರಿದ ಮಾತ್ರೆ ಬರೆಯಬೇಡಿ ಎಂದು 1969ರಲ್ಲಿ ವೈದ್ಯರಿಗೆ ತಿಳಿಸಿತು. ಅಲ್ಲಿಂದ ಪ್ರಮಾಣ ಇಳಿಯುತ್ತಲೇ ಬಂತು. ಇವತ್ತಿನ ಮಾಲಾದಲ್ಲಿರುವ ಈಸ್ಟ್ರೋಜನ್ ಎನೋವಿಡ್‌ನಲ್ಲಿದ್ದುದರ ಐದನೇ ಒಂದು ಪಾಲು. ನಮ್ಮ ಅಜ್ಜಿಯರ ಕಾಲದ ಮಾತ್ರೆಯ ಕೆಟ್ಟ ಹೆಸರನ್ನು ಮೊಮ್ಮಕ್ಕಳ ಮಾತ್ರೆ ಇನ್ನೂ ಹೊತ್ತುಕೊಂಡು ತಿರುಗುತ್ತಿದೆ.

ಪ್ರಮಾಣ ಇಳಿದರೂ ಗುಣ ಇಳಿಯಲಿಲ್ಲ. ತಪ್ಪದೆ ನುಂಗಿದರೆ ವರ್ಷಕ್ಕೆ ಸಾವಿರ ಹೆಂಗಸರಲ್ಲಿ ಮೂವರು ಮಾತ್ರ ಬಸಿರಾಗುತ್ತಾರೆ. ಆದರೆ ಮನುಷ್ಯರು ಮರೆಯುತ್ತಾರೆ. ಮರೆವನ್ನೂ ಸೇರಿಸಿ ಲೆಕ್ಕ ಹಾಕಿದರೆ ನೂರಕ್ಕೆ ಏಳರಿಂದ ಒಂಬತ್ತು ಮಂದಿ. ಯಾವ ತಡೆಯೂ ಇಲ್ಲದಿದ್ದರೆ ನೂರಕ್ಕೆ 85 ಮಂದಿ. ತಪ್ಪದೆ ನುಂಗಿದಾಗಿನ ಸಾವಿರಕ್ಕೆ ಮೂರಕ್ಕೂ ಮರೆವು ಸೇರಿದಾಗಿನ ಸಾವಿರಕ್ಕೆ ಸುಮಾರು ಎಂಬತ್ತಕ್ಕೂ ನಡುವೆ ಇರುವ ಅಂತರ ರಸಾಯನದ ದೋಷವಲ್ಲ, ತಿಳಿಸಿ ಹೇಳುವವರಿಲ್ಲದ ದೋಷ. ಉದಾಹರಣೆಗೆ, ಪಟ್ಟಿಯ ನಡುವಿನ ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಅವತ್ತಿನದನ್ನು ಎಂದಿನ ಹೊತ್ತಿಗೆ ನುಂಗಿದರೆ ಸಾಕು. ನಿಜವಾದ ಅಪಾಯ ಇರುವುದು ಹೊಸ ಪಟ್ಟಿಯನ್ನು ತಡವಾಗಿ ಶುರು ಮಾಡುವುದರಲ್ಲಿ. ಕಂದು ಮಾತ್ರೆಯ ಏಳು ದಿನ ಅಂಡಾಶಯದ ಮೇಲಿನ ಹಿಡಿತ ಸಡಿಲವಾಗುತ್ತದೆ. ಎಂಟು, ಒಂಬತ್ತು ಎಂದು ಆ ಬಿಡುವು ಬೆಳೆದರೆ ಅಂಡಾಶಯ ಎಚ್ಚರಗೊಂಡು ಅಂಡ ಬಲಿಯತೊಡಗುತ್ತದೆ. ಊರಿಗೆ ಹೋದವಳು ಹೊಸ ಪಟ್ಟಿ ಮರೆತು ಬಂದು, ಮೂರು ದಿನ ಬಿಟ್ಟು ಶುರು ಮಾಡಿದರೆ ‘ಮಾತ್ರೆ ತಿಂದರೂ ಬಸಿರಾಯಿತು’ ಎಂಬ ಕತೆ ಹುಟ್ಟುತ್ತದೆ. ಎರಡು ಅಥವಾ ಹೆಚ್ಚು ಬಿಳಿ ಮಾತ್ರೆ ತಪ್ಪಿದ್ದರೆ ಏಳು ದಿನ ಸತತವಾಗಿ ನುಂಗುವವರೆಗೆ ಕಾಂಡೋಮ್ ಜೊತೆಗಿರಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಔಷಧಗಳು ಈ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಅವನ್ನು ತೆಗೆದುಕೊಳ್ಳುವವರು ಬೇರೆ ದಾರಿ ನೋಡಬೇಕು.

ಇನ್ನು ನಿಜವಾದ ಅಪಾಯಕ್ಕೆ ಬರೋಣ. ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ನೋಡಿ ಹೇಳಿದ್ದು ಹೀಗೆ: ಬಸಿರೂ ಅಲ್ಲದ, ಮಾತ್ರೆಯನ್ನೂ ನುಂಗದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಇಬ್ಬರಿಗೆ ರಕ್ತ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆ ನುಂಗುವವರಲ್ಲಿ ಐದರಿಂದ ಏಳು ಮಂದಿಗೆ. ಡ್ರೊಸ್ಪಿರೆನೋನ್, ಡೆಸೊಜೆಸ್ಟ್ರೆಲ್ ಇರುವ ಹೊಸ ಮಾತ್ರೆಗಳಲ್ಲಿ ಒಂಬತ್ತರಿಂದ ಹನ್ನೆರಡು ಮಂದಿಗೆ. ‘ಮೂರು ಪಟ್ಟು ಅಪಾಯ’ ಎಂದರೆ ಎದೆ ಧಸಕ್ ಎನ್ನುತ್ತದೆ. ‘ಹತ್ತು ಸಾವಿರಕ್ಕೆ ಮೂರರಿಂದ ಐದು ಹೆಚ್ಚು’ ಎಂದರೆ ಯೋಚಿಸಲು ಜಾಗ ಸಿಗುತ್ತದೆ. ಎರಡೂ ಒಂದೇ ಲೆಕ್ಕ. ಹೆಪ್ಪುಗಟ್ಟಿದವರಲ್ಲೂ ಜೀವಕ್ಕೆ ಎರವಾಗುವುದು ನೂರಕ್ಕೆ ಒಂದಿಬ್ಬರಿಗೆ. ಈಗ ಇನ್ನೊಂದು ಬದಿ ನೋಡಿ. ಬಸಿರಿನಲ್ಲೂ ಬಾಣಂತನದಲ್ಲೂ ರಕ್ತ ಹೆಪ್ಪುಗಟ್ಟುವ ಸಂಭವ ಮಾತ್ರೆಯದಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ 2018–20ರಲ್ಲಿ ಲಕ್ಷ ಹೆರಿಗೆಗೆ 69 ತಾಯಂದಿರು ಸತ್ತಿದ್ದಾರೆ. ಯಾವ ತಡೆಯೂ ಇಲ್ಲದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಬಸಿರಾದರೆ, ಅವರೆಲ್ಲ ಹೆತ್ತರೆ, ಆ ದರದಲ್ಲಿ ಐದಾರು ಸಾವು. ಅದೇ ಹತ್ತು ಸಾವಿರ ಮಂದಿ ಮಾತ್ರೆ ನುಂಗಿದರೆ ಅದರ ದೆಸೆಯಿಂದ ಹೆಪ್ಪುಗಟ್ಟಿ ಆಗಬಹುದಾದ ಹೆಚ್ಚುವರಿ ಸಾವು ಹತ್ತು ವರ್ಷಕ್ಕೆ ಹೆಚ್ಚೆಂದರೆ ಒಂದು.

ಈ ಹೋಲಿಕೆ ಸರಿಯಲ್ಲ, ಮಾತ್ರೆ ಬೇಡವೆನ್ನುವವಳು ಸುಮ್ಮನೆ ಬಸಿರಾಗುತ್ತಾಳೆಯೇ, ಬೇರೆ ವಿಧಾನ ಹಿಡಿಯುವುದಿಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಾಪರ್-ಟಿ ಒಗ್ಗುವವರಿಗೆ ಅದು ಮಾತ್ರೆಗಿಂತ ಮೇಲು: ಹಾರ್ಮೋನಿಲ್ಲ, ಮರೆವಿನ ಕಾಟವಿಲ್ಲ, ವರ್ಷಗಟ್ಟಲೆ ಚಿಂತೆಯಿಲ್ಲ. ಆದರೆ ಮುಟ್ಟಿನಲ್ಲಿ ಮೊದಲೇ ಹೆಚ್ಚು ರಕ್ತ ಹೋಗುವವರಿಗೆ ಅದು ಇನ್ನಷ್ಟು ಹೆಚ್ಚಿಸಬಹುದು. ಮಾತ್ರೆ ರಕ್ತಸ್ರಾವವನ್ನೂ ಹೊಟ್ಟೆನೋವನ್ನೂ ತಗ್ಗಿಸುತ್ತದೆ. ನಮ್ಮಲ್ಲಿ ನಿಜವಾಗಿ ಆಗುತ್ತಿರುವುದು ಮಾತ್ರ ಬೇರೆಯೇ. 2015ರಲ್ಲಿ ದೇಶದಲ್ಲಿ ಒಂದು ಕೋಟಿ 56 ಲಕ್ಷ ಗರ್ಭಪಾತಗಳಾದವು, ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ತಂದು ನುಂಗಿ ಆದವು ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿದೆ. ಬಸಿರು ತಡೆಯುವ ಮಾತ್ರೆಗೆ ಹೆದರಿದವರು ಬಸಿರು ಕಳೆಯುವ ಮಾತ್ರೆಗೆ ಹೋಗುತ್ತಿದ್ದಾರೆ. ಆಪರೇಷನ್ನೂ ಪೂರ್ತಿ ನಿರಪಾಯವೇನಲ್ಲ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರಗಳಲ್ಲಿ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತ ಮೇಲೆಯೇ ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದು. ಒಳ್ಳೆಯ ಆಸ್ಪತ್ರೆಯಲ್ಲಿ ಅದು ಸುರಕ್ಷಿತ, ನಿಜ. ಆದರೆ ಇಪ್ಪತ್ತೈದರಲ್ಲಿ ತೆಗೆದುಕೊಂಡ ತೀರ್ಮಾನವನ್ನು ಮೂವತ್ತರಲ್ಲಿ ಹಿಂದಕ್ಕೆ ಪಡೆಯುವುದು ಸುಲಭವಲ್ಲ.

ಹಾರ್ಮೋನಿನ ಬಗ್ಗೆ ಇಷ್ಟು ಹಿಂಜರಿಯುವ ಇದೇ ಮೈಸೂರು ಇನ್ನೊಂದು ಹಾರ್ಮೋನು ಮಾತ್ರೆಯನ್ನು ಯಾವ ಅಳುಕೂ ಇಲ್ಲದೆ ನುಂಗುತ್ತದೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಬೇಕು, ವರಮಹಾಲಕ್ಷ್ಮಿ ಹಬ್ಬ ಬಂತು, ಮನೆಯಲ್ಲಿ ಮದುವೆಯಿದೆ ಎಂದಾಗ ಮುಟ್ಟು ಮುಂದೂಡುವ ಮಾತ್ರೆ ಬರುತ್ತದೆ. ಅದು ನೊರೆಥಿಸ್ಟೆರೋನ್, ಸಾಮಾನ್ಯವಾಗಿ 5 ಮಿಲಿಗ್ರಾಂನದು, ದಿನಕ್ಕೆ ಎರಡು ಮೂರು ಸಲ. ಇದೂ ಪ್ರೊಜೆಸ್ಟಿನ್ನೇ. ಈ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಸ್ವಲ್ಪ ಭಾಗ ದೇಹದೊಳಗೆ ಎಥಿನೈಲ್ ಈಸ್ಟ್ರಡಯಾಲ್ ಆಗಿ ಬದಲಾಗುತ್ತದೆ, ಅಂದರೆ ಮಾಲಾದಲ್ಲಿರುವ ಅದೇ ಈಸ್ಟ್ರೋಜನ್. ರಕ್ತ ಹೆಪ್ಪುಗಟ್ಟುವ ಚರಿತ್ರೆ ಇರುವವರಿಗೆ ಇದೂ ಸಲ್ಲದು. ಹೀಗಿದ್ದೂ ಹಬ್ಬದ ಮಾತ್ರೆಗೆ ಬಿಪಿ ನೋಡುವವರಿಲ್ಲ, ಪ್ರಶ್ನೆ ಕೇಳುವವರಿಲ್ಲ. ಪಿಸಿಓಡಿಗೆಂದು, ಮೊಡವೆಗೆಂದು ಬರೆದುಕೊಡುವ ದುಬಾರಿ ಮಾತ್ರೆಗಳೂ ಎಷ್ಟೋ ಸಲ ಡ್ರೊಸ್ಪಿರೆನೋನ್ ಅಥವಾ ಸೈಪ್ರೊಟೆರೋನ್ ಬೆರೆತ ಸಂಯುಕ್ತ ಗರ್ಭನಿರೋಧಕಗಳೇ. ಹೊಸದು, ದುಬಾರಿಯದು ಎಂದ ಮಾತ್ರಕ್ಕೆ ಸುರಕ್ಷಿತವೆಂದುಕೊಳ್ಳುತ್ತೇವೆ. ಹೆಪ್ಪುಗಟ್ಟುವ ಲೆಕ್ಕದಲ್ಲಿ ಬಿಟ್ಟಿ ಸಿಗುವ ಮಾಲಾ-ಎನ್ ಅವುಗಳಿಗಿಂತ ಮೇಲು. ಹೀಗೆ ನೋಡಿದರೆ ನಮ್ಮ ಭಯ ಹಾರ್ಮೋನಿನ ಮೇಲಿರುವಂತೆ ಕಾಣುವುದಿಲ್ಲ. ಹೆಣ್ಣು ಯಾತಕ್ಕಾಗಿ ಅದನ್ನು ನುಂಗುತ್ತಾಳೆ ಎಂಬುದರ ಮೇಲಿದೆ.

ಕ್ಯಾನ್ಸರಿನ ಮಾತನ್ನು ತೇಲಿಸಿ ಹೇಳಲಾಗದು. 2017ರಲ್ಲಿ ಡೆನ್ಮಾರ್ಕಿನ 18 ಲಕ್ಷ ಹೆಂಗಸರ ದಾಖಲೆಗಳನ್ನು ನೋಡಿದ ಅಧ್ಯಯನದ ಪ್ರಕಾರ ಹಾರ್ಮೋನು ಗರ್ಭನಿರೋಧಕ ಬಳಸುವವರಲ್ಲಿ ಸ್ತನ ಕ್ಯಾನ್ಸರ್ ಶೇ 20ರಷ್ಟು ಹೆಚ್ಚು. ಎಣಿಸಿ ಹೇಳಿದರೆ ಲಕ್ಷ ಹೆಂಗಸರಿಗೆ ವರ್ಷಕ್ಕೆ ಸುಮಾರು 13 ಮಂದಿ ಹೆಚ್ಚು. ಮಾತ್ರೆ ಬಿಟ್ಟ ಮೇಲೆ ವರ್ಷಗಳು ಕಳೆದಂತೆ ಇದು ಇಳಿಯುತ್ತದೆ. ಐದು ವರ್ಷಕ್ಕೂ ಮೀರಿ ಬಳಸಿದವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಕೂಡ ಹೆಚ್ಚು ಕಂಡಿದೆ. ಆದರೆ ಆ ಕ್ಯಾನ್ಸರಿನ ಮೂಲ ಎಚ್‌ಪಿವಿ ವೈರಾಣು, ಅದಕ್ಕೆ ಲಸಿಕೆಯಿದೆ, ತಪಾಸಣೆಯಿದೆ. ತಕ್ಕಡಿಯ ಇನ್ನೊಂದು ತಟ್ಟೆ ಮಾತ್ರ ನಮ್ಮ ಕಿವಿಗೆ ಬೀಳುವುದೇ ಇಲ್ಲ. 45 ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕದಂತೆ ಪ್ರತಿ ಐದು ವರ್ಷದ ಬಳಕೆಗೆ ಅಂಡಾಶಯದ ಕ್ಯಾನ್ಸರ್ ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಸುಮಾರು ಕಾಲು ಪಾಲು ಇಳಿಯುತ್ತದೆ ಎಂದು 2015ರ ಲೆಕ್ಕ. ಮಾತ್ರೆ ಬಿಟ್ಟು ಹತ್ತಾರು ವರ್ಷವಾದರೂ ಈ ರಕ್ಷಣೆ ಉಳಿಯುತ್ತದೆ. ಬ್ರಿಟನ್ನಿನಲ್ಲಿ 1968ರಿಂದ 46 ಸಾವಿರ ಹೆಂಗಸರನ್ನು ಗಮನಿಸುತ್ತ ಬಂದ ಅಧ್ಯಯನ, ಮಾತ್ರೆ ಬಳಸಿದವರಲ್ಲಿ ಒಟ್ಟಾರೆ ಸಾವಿನ ಪ್ರಮಾಣ ಬಳಸದವರಿಗಿಂತ ಹೆಚ್ಚಿಲ್ಲ, ತುಸು ಕಡಿಮೆಯೇ ಎಂದು 2010ರಲ್ಲಿ ವರದಿ ಮಾಡಿತು. ಮುಂದೆ ಮಕ್ಕಳಾಗುವುದಿಲ್ಲ ಎಂಬುದಕ್ಕಂತೂ ಆಧಾರವೇ ಇಲ್ಲ. ಮಾತ್ರೆ ಬಿಟ್ಟವರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ವರ್ಷದೊಳಗೆ ಬಸಿರಾಗುತ್ತಾರೆ. ತೂಕ ಏರುತ್ತದೆ ಎಂಬುದನ್ನು ಪರೀಕ್ಷೆಗಳು ಎತ್ತಿ ಹಿಡಿದಿಲ್ಲ. ಮನಸ್ಸು ಕುಗ್ಗುತ್ತದೆ ಎಂದು ಕೆಲವರು ಹೇಳುವುದನ್ನು ಮಾತ್ರ ತಳ್ಳಿಹಾಕಬಾರದು. ಅದರಲ್ಲೂ ಹದಿಹರೆಯದವರಲ್ಲಿ ಇದಕ್ಕೆ ಸ್ವಲ್ಪ ಪುರಾವೆಯಿದೆ. ಹಾಗಾದರೆ ಮಾತ್ರೆ ಬದಲಿಸಬೇಕು, ಇಲ್ಲವೇ ಬಿಡಬೇಕು.

ಇವೆಲ್ಲ ಬಿಳಿಯರ ದೇಶದ ಲೆಕ್ಕ, ನಮ್ಮ ಮೈಗೆ ಹೊಂದುತ್ತದೆಯೇ ಎಂಬುದು ಮುಂದಿನ ಆಕ್ಷೇಪ. ತೊಂಬತ್ತರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ, ಯುರೋಪುಗಳ 21 ಕೇಂದ್ರಗಳಲ್ಲಿ ಮಾತ್ರೆಗೂ ಹೃದಯಾಘಾತ, ಪಾರ್ಶ್ವವಾಯುಗಳಿಗೂ ಇರುವ ನಂಟನ್ನು ಹುಡುಕಿಸಿತು. ಅಪಾಯ ಎಲ್ಲರ ಮೇಲೂ ಸಮನಾಗಿ ಹಂಚಿಹೋಗಿರಲಿಲ್ಲ. ಅದು ರಕ್ತದೊತ್ತಡ ಇದ್ದವರಲ್ಲಿ, ಸಿಗರೇಟು ಸೇದುವವರಲ್ಲಿ ಕೂಡಿಕೊಂಡಿತ್ತು. ಶುರು ಮಾಡುವ ಮುಂಚೆ ರಕ್ತದೊತ್ತಡ ನೋಡಿಸಿಕೊಂಡಿದ್ದವರಲ್ಲಿ ಕಡಿಮೆಯಿತ್ತು. ನಮ್ಮಲ್ಲಿ ಸೇದುವ ಹೆಂಗಸರು ಕಡಿಮೆ, ಆದರೆ ಮೂವತ್ತಕ್ಕೇ ಬಿಪಿ, ಸಕ್ಕರೆ ಕಾಯಿಲೆ ಬರುವವರು ಹೆಚ್ಚುತ್ತಿದ್ದಾರೆ. ಹಾಗಾಗಿ ಈ ಪಾಠ ಮೈಸೂರಿಗೆ ಚೆನ್ನಾಗಿಯೇ ಅನ್ವಯಿಸುತ್ತದೆ. ಯಾರು ನುಂಗಬಾರದು ಎಂಬ ಪಟ್ಟಿ ಸ್ಪಷ್ಟವಾಗಿದೆ: ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಬಿಪಿ ಹೆಚ್ಚಿರುವವರು, ಕಣ್ಣ ಮುಂದೆ ಮಿಂಚು ಅಥವಾ ಕೋರೆಗೆರೆ ಕಾಣಿಸಿಕೊಂಡು ಬಳಿಕ ಅರೆತಲೆನೋವು ಬರುವವರು, ಸ್ತನ ಕ್ಯಾನ್ಸರ್ ಇರುವವರು, ಯಕೃತ್ತಿನ ತೀವ್ರ ಕಾಯಿಲೆಯವರು, 35 ದಾಟಿಯೂ ಸೇದುವವರು. ಹೆರಿಗೆಯಾದ ಮೊದಲ ಆರು ವಾರ ಇದು ಕೂಡದು, ಎದೆಹಾಲು ಕುಡಿಸುವವರು ಆರು ತಿಂಗಳು ಕಾಯುವುದು ಒಳ್ಳೆಯದು. ನುಂಗುತ್ತಿರುವಾಗ ಒಂದೇ ಕಾಲು ಊದಿ ನೋವಾದರೆ, ಎದೆನೋವು, ಉಸಿರುಗಟ್ಟುವಿಕೆ, ತಡೆಯಲಾರದ ತಲೆನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಸರ್ಕಾರ ಹೆಂಗಸಿನ ಗರ್ಭಕೋಶದಲ್ಲಿ ತೋರಿಸುವ ಆಸಕ್ತಿಯೇ ಅನುಮಾನಾಸ್ಪದ ಎನ್ನುವವರ ಮಾತಿನಲ್ಲೂ ಹುರುಳಿದೆ. ತುರ್ತು ಪರಿಸ್ಥಿತಿಯ ಬಲವಂತದ ಆಪರೇಷನ್ನುಗಳನ್ನು ದೇಶ ಮರೆತಿಲ್ಲ. ಮೈಸೂರಿನ ಆರ್.ಕೆ. ನಾರಾಯಣ್ 1976ರಲ್ಲಿ ‘ದಿ ಪೇಂಟರ್ ಆಫ್ ಸೈನ್ಸ್’ ಕಾದಂಬರಿಯ ನಾಯಕಿಯನ್ನು ಹಳ್ಳಿ ಹಳ್ಳಿ ಸುತ್ತುವ ಕುಟುಂಬ ಯೋಜನೆ ಕಾರ್ಯಕರ್ತೆಯನ್ನಾಗಿ ಮಾಡಿದ್ದು ಆ ಹೊತ್ತಿನ ಗಾಳಿಯನ್ನು ತೋರಿಸುತ್ತದೆ. ಆದರೆ ಈ ಅನುಮಾನ ಮಾತ್ರೆಯ ಪರವಾಗಿಯೇ ನಿಲ್ಲುತ್ತದೆ. ಆಪರೇಷನ್ನನ್ನು ಇನ್ನೊಬ್ಬರು ಮಾಡುತ್ತಾರೆ, ಗರ್ಭನಿರೋಧಕ ಚುಚ್ಚುಮದ್ದು ಒಮ್ಮೆ ಮೈ ಸೇರಿದರೆ ಮೂರು ತಿಂಗಳು ತೆಗೆಯಲಾಗದು. ಮಾತ್ರೆಯನ್ನು ಮಾತ್ರ ಅವಳೇ ಶುರು ಮಾಡಬಹುದು, ಬೇಡವೆನಿಸಿದ ದಿನ ಅವಳೇ ನಿಲ್ಲಿಸಬಹುದು. ಹೊರೆ ಎಲ್ಲ ಹೆಣ್ಣಿಗೇ ಏಕೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಎರಡು ಮಕ್ಕಳಾದ ಮೇಲೆ ಗಂಡ ಮಾಡಿಸಿಕೊಳ್ಳುವ ಆಪರೇಷನ್ ಹೆಂಡತಿಯದಕ್ಕಿಂತ ಸುಲಭ, ಸುರಕ್ಷಿತ. ಅದು ಹೆಚ್ಚಲೇಬೇಕು. ಮಕ್ಕಳ ನಡುವೆ ಅಂತರ ಬೇಕೆನ್ನುವವರಿಗೆ ಮಾತ್ರ ಅದು ದಾರಿಯಲ್ಲ.

ಹಾಗಾದರೆ ಆಗಬೇಕಾದ್ದು ಏನು? ಹೊಸ ಔಷಧ ಬೇಕಿಲ್ಲ, ಹೊಸ ಯೋಜನೆಯೂ ಬೇಕಿಲ್ಲ. 2011ರಿಂದ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ಮಾತ್ರೆ ತಂದುಕೊಡುವ ಏರ್ಪಾಡು ಕಾಗದದ ಮೇಲಿದೆ, ಒಂದು ಪಟ್ಟಿಗೆ ಒಂದು ರೂಪಾಯಿ. ಅದರ ಜೊತೆ ಹೋಗಬೇಕಾದ್ದು ಬಿಪಿ ಅಳೆಯುವ ಒಂದು ಯಂತ್ರ ಮತ್ತು ಐದು ನಿಮಿಷದ ಮಾತು. ಬಿಪಿ ಎಷ್ಟಿದೆ, ಅರೆತಲೆನೋವು ಇದೆಯೇ, ಹಿಂದೆ ಕಾಲು ಊದಿತ್ತೇ, ಮಗುವಿಗೆ ಎಷ್ಟು ತಿಂಗಳು, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ ಎಂದು ಕೇಳಿದರೆ ಅಪಾಯವಿರುವ ಬಹುತೇಕರು ಅಲ್ಲೇ ಬೇರೆಯಾಗುತ್ತಾರೆ. ಉಳಿದವರಿಗೆ ಮರೆತಾಗ ಏನು ಮಾಡಬೇಕೆಂದು ಹೇಳಿಕೊಟ್ಟರೆ ನೂರಕ್ಕೆ ಏಳೆಂಟು ಎಂಬ ಸೋಲು ಒಂದೆರಡಕ್ಕೆ ಇಳಿಯುವುದು ಅಸಾಧ್ಯವಲ್ಲ. ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೇಳಿದವಳಿಗೂ, ಹಬ್ಬಕ್ಕೆ ಮುಟ್ಟು ಮುಂದೂಡಲು ಬಂದವಳಿಗೂ ಇದೇ ಪ್ರಶ್ನೆಗಳು ಎದುರಾಗಬೇಕು. ಅಷ್ಟಾದ ಮೇಲೆ ಯಾರಾದರೂ ‘ನನಗೆ ಮಾತ್ರೆ ಬೇಡ’ ಎಂದರೆ ಅದು ಅವಳ ಹಕ್ಕು. ಯಾರೋ ಹೇಳಿದ್ದಕ್ಕೆ ಹೆದರಿ ಹೇಳಿದ ಬೇಡಕ್ಕೂ, ಲೆಕ್ಕ ತಿಳಿದು ಹೇಳಿದ ಬೇಡಕ್ಕೂ ವ್ಯತ್ಯಾಸವಿದೆ, ಮತ್ತು ಈ ಎರಡನೆಯದನ್ನು ಸಾಧ್ಯವಾಗಿಸುವುದು ಆರೋಗ್ಯ ವ್ಯವಸ್ಥೆಯ ಕೆಲಸ.